ತವರಿನ ನಾಣ್ಯ ಹುಡುಕಲು ಕೊಂಡ ಗಾಜು

ಆ ಗುರುವಾರವೂ ನಾನು ಐದೂವರೆಗೇ ಎದ್ದೆ. ಬಾಗಿಲಿಗೆ ನೀರು ಹಾಕಿದೆ. ಶ್ರಾವಣದ ಗಾಳಿ ರಂಗೋಲಿ ಪುಡಿಯನ್ನು ಗೆರೆಯಾಗಲು ಬಿಡದೆ ಪಕ್ಕಕ್ಕೆ ಒಯ್ಯುತ್ತಿತ್ತು. ಬೆರಳು ನೆಲಕ್ಕೆ ತಾಗುವಷ್ಟು ಕೈ ಇಳಿಸಿ ಹೇಗೋ ಮುಗಿಸಿದೆ. ರಾಯದುರ್ಗದ ನಮ್ಮ ಓಣಿಯಲ್ಲಿ ಮನೆಗೊಂದರಂತೆ ಜೀನ್ಸ್ ಹೊಲಿಯುವ ಮಿಷನ್‌ಗಳಿವೆ. ರಾತ್ರಿ ಕಳೆಯುವಷ್ಟರಲ್ಲಿ ಕಿಟಕಿ ಸರಳುಗಳ ಮೇಲೆ ನೀಲಿ ಜುಂಗು ಕೂತಿರುತ್ತದೆ. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹಾಲು ಕಾಯಿಸಿ ಅತ್ತೆಗೆ ಚಹಾ ಕೊಟ್ಟೆ. ಮಂಡಕ್ಕಿ ನೆನೆಸಿ ಹಿಂಡಿ, ಶೇಂಗಾ ಹುರಿದು, ಪುಟಾಣಿ ಹಿಟ್ಟು ಉದುರಿಸಿ ಒಗ್ಗರಣೆ ಮಾಡಿದೆ. ಉಪ್ಪು ಒಂದು ಚಿಟಿಕೆ ಹೆಚ್ಚಾಯಿತು. ಯಾರೂ ಹೇಳಲಿಲ್ಲ. ನನಗೆ ಗೊತ್ತಾಯಿತು.

ದಿನದ ಕೆಲಸವೆಲ್ಲ ದಿನದಂತೆಯೇ. ಒಂದೇ ವ್ಯತ್ಯಾಸವೆಂದರೆ ನನ್ನ ಕೊರಳಲ್ಲಿ ತಾಳಿಯ ಜೊತೆ ಕಪ್ಪು ದಾರದಲ್ಲಿ ಇನ್ನೊಂದು ವಸ್ತು ತೂಗುತ್ತಿತ್ತು. ಹೆಬ್ಬೆರಳಿನಷ್ಟು ಉದ್ದ, ಮಡಚಿದರೆ ಉಕ್ಕಿನ ಬೀಜದಂತೆ. ಬಿಡಿಸಿದರೆ ಒಳಗೊಂದು ಪುಟ್ಟ ಗಾಜು. ಲೂಪ್ ಅನ್ನುತ್ತಾರೆ. ಬಗ್ಗಿದಾಗಲೆಲ್ಲ ತಾಳಿಗೆ ಬಡಿದು ಟಿಕ್ ಎನ್ನುತ್ತಿತ್ತು.

"ಅದೇನದು ಕೊಳ್ಳಾಗ ಗಂಟಿ ಕಟ್ಟಿಕೊಂಡಂಗ?" ಎಂದರು ಅತ್ತೆ.

"ನಿಮಗೆ ಗೊತ್ತಿದ್ದದ್ದೇ ಅಲ್ರಿ ಅತ್ತಿ," ಎಂದೆ.

ಅವರಿಗೆ ಗೊತ್ತಿತ್ತು. ಹತ್ತು ಗಂಟೆಗೆ ಅಕ್ಕಸಾಲಿಗರು ಬರುವವರಿದ್ದರು. ಹಿತ್ತಲಲ್ಲಿ ನಮ್ಮೆಲ್ಲರ ಕಣ್ಣೆದುರೇ ಬೆಳ್ಳಿ ಕರಗಿಸಿ, ವರಮಹಾಲಕ್ಷ್ಮಿಯ ಕಳಶಕ್ಕೆ ಬೆಳ್ಳಿಯ ಮುಖ ಮಾಡಿಕೊಡುವುದು ಎಂದು ಮಾತಾಗಿತ್ತು. ಶುಕ್ರವಾರ ಲಕ್ಷ್ಮಿಯನ್ನು ಬೆಂಕಿಗೆ ಹಾಕಬಾರದು, ಅದಕ್ಕೇ ಗುರುವಾರ. ಕರಗಬೇಕಾದದ್ದು ಪೂಜೆಯ ಹಿತ್ತಾಳೆ ಡಬ್ಬಿಯಲ್ಲಿದ್ದ ಇಪ್ಪತ್ತೈದು ಬೆಳ್ಳಿ ರೂಪಾಯಿಗಳು. ಅವುಗಳಲ್ಲಿ ಒಂಬತ್ತು ನನ್ನವು.

ನನ್ನವು ಎಂದೆ. ಜಗಳವೇ ಆ ಮಾತಿನದು.

ನಾನು ಹುಟ್ಟಿದ್ದು ಮಡಕಶಿರಾದಲ್ಲಿ. ನನ್ನ ಅಜ್ಜಿ, ಎಂದರೆ ಅಮ್ಮನ ತಾಯಿ, ರೊಳ್ಳದ ಕಡೆಯ ಹಳ್ಳಿಯವಳು. ಬೇರೆಯವರ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು, ಕೈಯಲ್ಲಿ ನಾಲ್ಕು ಕಾಸು ನಿಂತಾಗಲೆಲ್ಲ ಒಂದೊಂದು ಹಳೆಯ ಬೆಳ್ಳಿ ರೂಪಾಯಿ ತಂದಿಟ್ಟವಳು. ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಬಳ್ಳಿ. ಹನ್ನೊಂದಾಗಿದ್ದವು. ಅವನ್ನು ಅಮ್ಮನಿಗೆ ಕೊಟ್ಟಳು. ಅಮ್ಮ ಎರಡನ್ನು ತಾನಿಟ್ಟುಕೊಂಡು ಒಂಬತ್ತನ್ನು ನನ್ನ ಮದುವೆಯಲ್ಲಿ ನನ್ನ ಮಡಿಲಿಗೆ ಹಾಕಿದಳು. ಯಾವ ಗಂಡಸಿನ ಕೈಯಿಂದಲೂ ಅವು ಬಂದವಲ್ಲ, ಯಾವ ಗಂಡಸಿನ ಕೈಗೂ ಹೋದವಲ್ಲ. ನನ್ನ ನಂತರ ನನ್ನ ಮಗಳಿಗೆ. ಇದು ಎಲ್ಲೂ ಬರೆದಿಟ್ಟದ್ದಲ್ಲ, ಆದರೆ ನಮ್ಮಲ್ಲಿ ಎಲ್ಲ ಹೆಂಗಸರಿಗೂ ಗೊತ್ತಿರುವುದು.

ರಾಯದುರ್ಗದ ಮನೆಯ ಪದ್ಧತಿ ಬೇರೆ. ಇಲ್ಲಿ ಅತ್ತೆಯ ಡಬ್ಬಿಯಲ್ಲಿ ಹದಿನಾರು ರೂಪಾಯಿಗಳಿದ್ದವು. ನಾನು ಬಂದ ಮೇಲೆ ನನ್ನ ಒಂಬತ್ತೂ ಅದೇ ಡಬ್ಬಿಗೆ ಹೋದವು. ವರ್ಷಕ್ಕೊಮ್ಮೆ ಪೂಜೆಯ ದಿನ ಡಬ್ಬಿ ತೆರೆದು, ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು, ಕುಂಕುಮವಿಟ್ಟು, ಮತ್ತೆ ಮುಚ್ಚಿ ಅರಿಶಿನದ ದಾರ ಕಟ್ಟುವುದು. ಮುಂದಿನ ವರ್ಷದವರೆಗೆ ಆ ದಾರ ಬಿಚ್ಚುವ ಹಾಗಿಲ್ಲ. ಆಣೆ ಇಟ್ಟ ಹಾಗೆ.

ಈ ವರ್ಷ ಬೇಸಿಗೆಯಲ್ಲಿ ಅತ್ತೆ ಬೆಳ್ಳಿ ಮುಖದ ಮಾತು ತೆಗೆದಾಗ ನಾನು ಸೊಪ್ಪು ಬಿಡಿಸುತ್ತಿದ್ದೆ. ಇಪ್ಪತ್ತೈದನ್ನೂ ಕರಗಿಸುವುದು ಎಂದರು. ನನ್ನ ಕೈ ನಿಂತಿತು.

"ನನ್ನ ಒಂಬತ್ತು ಬಿಟ್ಟು ಮಾಡ್ಸಿರಿ ಅತ್ತಿ," ಎಂದೆ.

"ನಿನ್ನ ಒಂಬತ್ತು?" ಅವರು ಕನ್ನಡಕದ ಮೇಲಿಂದ ನೋಡಿದರು. "ಲಕ್ಷ್ಮೀಗೆ ನಿಂದು ನಂದು ಐತೇನವಾ? ಹೆಣ್ಣಿನ ಜೋಡಿ ಮನಿಗೆ ಬಂದಿದ್ದು ಮನೀದ."

"ನಮ್ಮಜ್ಜಿ ಸೊಪ್ಪು ಕೊಯ್ದಿದ್ದು ಈ ಮನೆಗಾಗಿ ಅಲ್ಲ."

ಅಷ್ಟು ವರ್ಷಗಳಲ್ಲಿ ನಾನು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಕಾನ್ವೆಂಟಿನಲ್ಲಿ ಓದಿದ ಹುಡುಗಿ ಎಂದೇ ಅವರು ನನ್ನನ್ನು ಆರಿಸಿದ್ದು. ಮೆಲ್ಲಗೆ ಮಾತಾಡುತ್ತಾಳೆ, ಲೋಟ ಇಟ್ಟರೂ ಸದ್ದಾಗುವುದಿಲ್ಲ ಎಂದು ನೆಂಟರ ಮುಂದೆ ಹೇಳುತ್ತಿದ್ದರು. ಈಗ ಹುರುಳಿಯಲ್ಲಿ ಕಲ್ಲು ಆರಿಸಿದಷ್ಟು ತಣ್ಣಗೆ ಹೇಳಿದರು: "ಸರಿ ಬಿಡು. ಕರಗ್ಸೋ ದಿನ ಡಬ್ಬಿ ಬಿಚ್ಚತೀವಿ. ಒಂಬತ್ತು ಗುರ್ತು ಹಿಡದು ತೆಗಿ. ತೆಗದ್ರ ನಿನ್ನವು. ಇಲ್ಲಾಂದ್ರ ಮುಂದ ಮಾತಿಲ್ಲ."

ಪಕ್ಕದಲ್ಲಿದ್ದ ನನ್ನ ಯಜಮಾನರು ನಕ್ಕರು. "ರೂಪಾಯಿ ಮ್ಯಾಲ ಹೆಸರು ಬರದಿರ್ತಾರೇನು? ಎಲ್ಲಾ ಒಂದ ಮಾರಿ."

ಒಂದೇ ಮುಖ. ಅದು ನಿಜ. ಇಸವಿಗಳನ್ನಾದರೂ ಬರೆದಿಟ್ಟುಕೊಂಡಿದ್ದೆನೇ ಎಂದರೆ, ಇಲ್ಲ. ಅಮ್ಮನಿಗೂ ನೆನಪಿರಲಿಲ್ಲ. ಆದರೆ ನನಗೆ ಒಂದು ಗೊತ್ತಿತ್ತು. ಅಜ್ಜಿ ತನ್ನ ರೂಪಾಯಿಗಳನ್ನು ಎಂದೂ ತಿಕ್ಕಿದವಳಲ್ಲ. ಅರಿಶಿನದ ನೀರು ಚಿಮುಕಿಸಿ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಡುತ್ತಿದ್ದಳು. ತಿಕ್ಕದ ಬೆಳ್ಳಿಗೂ ತಿಕ್ಕಿದ ಬೆಳ್ಳಿಗೂ ಚರ್ಮ ಬೇರೆ ಇರಲೇಬೇಕು. ಬರಿಗಣ್ಣಿಗೆ ಕಾಣದಿದ್ದರೆ ಗಾಜಿಗೆ ಕಾಣಲಿ.

ಹೀಗೆ ನಾನು ಗಾಜು ಹುಡುಕಲು ಹೊರಟೆ.

ಮೊದಲು ಕೈಗೆ ಸಿಕ್ಕಿದ್ದು ಮನೆಯಲ್ಲೇ ಇತ್ತು. ಯಜಮಾನರು ಜೀನ್ಸ್ ಬಟ್ಟೆಯ ನೂಲು ಎಣಿಸುವ ಮಡಚು ಗಾಜು. ಪುಟ್ಟ ಕಬ್ಬಿಣದ ಸ್ಟೂಲಿನಂತೆ ಬಟ್ಟೆಯ ಮೇಲೆ ನಿಲ್ಲುತ್ತದೆ. ಅಭ್ಯಾಸಕ್ಕೆಂದು ಹುಂಡಿಯಲ್ಲಿದ್ದ ಹಳೆಯ ನಾಲ್ಕಾಣೆಯ ಮೇಲೆ ನಿಲ್ಲಿಸಿ ನೋಡಿದೆ. ಅದರ ಚೌಕಟ್ಟೇ ಬೆಳಕಿಗೆ ಅಡ್ಡ ಬಂತು. ಬಟ್ಟೆಗೆ ಮೇಲಿನ ಬೆಳಕು ಸಾಕು. ನಾಣ್ಯಕ್ಕೆ ಹಾಗಲ್ಲ. ಬೆಳಕು ಪಕ್ಕದಿಂದ, ಓರೆಯಾಗಿ ಬಿದ್ದು ಜಾರಬೇಕು. ಆಗಲೇ ಗೀರು ಎದ್ದು ಕಾಣುವುದು.

ಆಮೇಲೆ ಫೋನಿನಲ್ಲಿ ನೋಡಿ ಒಂದು ತರಿಸಿದೆ. ಮೂವತ್ತು ಪಟ್ಟು ದೊಡ್ಡದು ಮಾಡುತ್ತದೆ ಎಂದು ಮೈಮೇಲೆಲ್ಲ ಬರೆದಿತ್ತು. ಒಳಗೊಂದು ಬಲ್ಬು ಬೇರೆ. ದೊಡ್ಡದು ಎಂದರೆ ಒಳ್ಳೆಯದು ಎಂದು ನಾನೂ ನಂಬಿದ್ದೆ. ನೋಡಿದರೆ ನಾಣ್ಯದ ಒಂದು ಅಕ್ಷರದ ಅರ್ಧ ಕಾಣುತ್ತಿತ್ತು, ಅಷ್ಟೇ. ಸುತ್ತ ಕತ್ತಲೆ. ನನ್ನ ನಾಡಿ ಬಡಿದಷ್ಟಕ್ಕೇ ಆ ಅರ್ಧ ಅಕ್ಷರವೂ ಕುಣಿಯುತ್ತಿತ್ತು. ಬಲ್ಬು ಹಾಕಿದರೆ ಬೆಳ್ಳಗೆ ಒಂದು ಮಚ್ಚೆ, ಗೀರೂ ಇಲ್ಲ, ಅಕ್ಷರವೂ ಇಲ್ಲ. ಹಾಸ್ಟೆಲಿನಲ್ಲಿರುವ ಮಗಳ ಹಳೆಯ ಲೆಕ್ಕದ ನೋಟ್‌ಬುಕ್ಕಿನ ಚೌಕಳಿ ಹಾಳೆಯ ಮೇಲಿಟ್ಟೆ. ನೆಟ್ಟಗಿದ್ದ ಗೆರೆಗಳು ಗಾಜಿನ ಅಂಚಿಗೆ ಬರುತ್ತಲೇ ಬಾಳೆಹಣ್ಣಿನಂತೆ ಬಾಗಿದವು. ಗೆರೆಯ ಬದಿಗೆ ನೇರಳೆ, ಹಳದಿ ಅಂಚು ಮೂಡಿತು. ಇಲ್ಲದ ಬಣ್ಣ ತೋರಿಸುವ ಗಾಜನ್ನು ಕರಗಿಸುವ ದಿನ ನಾನು ಹೇಗೆ ನಂಬಲಿ?

ಗಡಿಯಾರ ರಿಪೇರಿಯವರ ಹತ್ತಿರ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕಪ್ಪು ಬಟ್ಟಲು ಕೇಳಿ ನೋಡಿದೆ. ಎರಡು ಕೈಯೂ ಖಾಲಿ ಉಳಿಯುತ್ತವೆ, ಅದು ಹಿತವೇ. ಆದರೆ ಅದು ಗಡಿಯಾರದ ಹಲ್ಲು ನೋಡಲು ಮಾಡಿದ್ದು. ನಾಲ್ಕು ಪಟ್ಟು ಇದ್ದರೆ ಹೆಚ್ಚು. ಕೂದಲೆಳೆಯ ಗೀರುಗಳು ಅದರಲ್ಲಿ ಬೇರೆಬೇರೆಯಾಗದೆ ಮಂಜಿನಂತೆ ಕೂತವು.

ಕೊನೆಗೆ ಬಸ್‌ಸ್ಟ್ಯಾಂಡಿನ ಹತ್ತಿರದ ಕನ್ನಡಕದ ಅಂಗಡಿಗೆ ಹೋದೆ. ಅಂಗಡಿಯವರು ವಯಸ್ಸಾದವರು.

"ಯಾರಿಗ್ರಿ ಅಮ್ಮಾ? ಅಣ್ಣಾವ್ರಿಗಾ?"

"ನನಗೇ ರೀ."

"ನಿಮಗ ಯಾಕ ಬೇಕಾತ್ರಿ ಇದು? ಸೂಜಿಗೆ ದಾರ ಪೋಣ್ಸಾಕಾ?"

"ನಾಣ್ಯ ನೋಡೋಕೆ. ನನ್ನ ನಾಣ್ಯ." ಸಿಟ್ಟು ಬಂದರೆ ನನ್ನ ಬಾಯಿಗೆ ಮಡಕಶಿರಾ ಬರುತ್ತದೆ. "ಸೂಜಿಗೆ ದಾರ ನಾನು ಗಾಜಿಲ್ಲದೇ ಪೋಣಿಸ್ತೀನಿ."

ಅವರು ನಕ್ಕು ಕೆಳಗಿನ ಡ್ರಾಯರ್ ಎಳೆದರು. ಓಬಳಾಪುರದ ಕಡೆ ಗಣಿಯಲ್ಲಿ ಕಲ್ಲು ಪರೀಕ್ಷೆ ಮಾಡುತ್ತಿದ್ದ ಒಬ್ಬರು ಊರು ಬಿಡುವಾಗ ಕೊಟ್ಟುಹೋದದ್ದಂತೆ. ಮಡಚುವ ಕೀಲಿನಲ್ಲಿ ಇನ್ನೂ ಅದಿರಿನ ಕೆಂಪು ಧೂಳು ಕೂತಿತ್ತು. ಹೊರಗಿನ ಹೊಳಪು ಪೂರ್ತಿ ಹೋಗಿತ್ತು.

"ಹತ್ತು ಪಟ್ಟು ಅಷ್ಟ ರೀ ಇದು," ಎಂದರು. "ಆದ್ರ ಖರೇ ಹತ್ತು. ಮೂರು ಗಾಜು ಕೂಡ್ಸಿ ಅಂಟಿಸ್ಯಾರ ಒಳಗ. ಮೂವತ್ತು ಅಂತ ಬರದು ಮಾರ್ತಾರಲ್ಲ, ಅದರಾಗ ಹತ್ತೂ ಇರಂಗಿಲ್ಲ. ಕಲ್ಲು ನೋಡೋರು, ವಜ್ರ ನೋಡೋರು ಎಲ್ಲಾರೂ ಇದ್ರಾಗ ನೋಡ್ತಾರ. ಕಣ್ಣಿಗೆ ಹತ್ತಿ ಹಿಡೀರಿ ಅಮ್ಮಾ, ರೆಪ್ಪಿಗೆ ತಾಗೂವಂಗ. ಗಾಜು ಅಲ್ಲಾಡ್ಸಬ್ಯಾಡ್ರಿ. ವಸ್ತುನ ಹತ್ರ ತರ್ರಿ."

ಚೌಕಳಿ ಹಾಳೆಯನ್ನು ಮಡಚಿ ಚೀಲದಲ್ಲಿ ತಂದಿದ್ದೆ. ಅವರೆದುರೇ ಬಿಡಿಸಿ ನೋಡಿದೆ. ಗೆರೆಗಳು ಅಂಚಿನವರೆಗೂ ನೆಟ್ಟಗೆ ನಡೆದವು. ಕಪ್ಪು ಕಪ್ಪಾಗಿಯೇ ಇತ್ತು. ಕಾಗದದ ನಾರು ಸಹ ಕಂಡಿತು. "ಹಾಳಿ ತಂದು ಪರೀಕ್ಷೆ ಮಾಡಿದ ಮೊದಲ ಗಿರಾಕಿ ನೀವ ನೋಡ್ರಿ," ಎಂದರು. ಕೊಂಡುಕೊಂಡೆ. ಮನೆಗೆ ಬಂದು ಹಲ್ಲುಕಡ್ಡಿಯಲ್ಲಿ ಕೀಲಿನ ಧೂಳು ತೆಗೆದೆ. ಬಿಳಿ ಬಟ್ಟೆಯ ಮೇಲೆ ಕುಂಕುಮ ಚೆಲ್ಲಿದಂತಾಯಿತು.

ಮುಂದಿನ ವಾರ ಮಡಕಶಿರಾಕ್ಕೆ ಹೋದೆ. ಅಮ್ಮನ ಹತ್ತಿರ ಉಳಿದ ಎರಡು ರೂಪಾಯಿಗಳನ್ನು ನೋಡಬೇಕಿತ್ತು. ಅಮ್ಮ ಅಕ್ಕಿ ಡಬ್ಬಿಯ ತಳದಿಂದ ಗಂಟು ತೆಗೆದುಕೊಟ್ಟಳು. ಕಿಟಕಿಯ ಪಕ್ಕ ಕೂತು, ಅಂಚಿನಲ್ಲಿ ಹಿಡಿದು, ಬೆಳಕಿಗೆ ಓರೆ ಮಾಡಿದೆ. ಬೂದು ಬಣ್ಣದ ಮೈ. ರಾಜನ ಕಿವಿಯ ಮೇಲೆ ಮಾತ್ರ ಸವೆತ, ಅದೂ ಮೃದುವಾಗಿ. ಸವೆದದ್ದು ಬೇರೆ, ಗೀರಿದ್ದು ಬೇರೆ. ಸವೆತಕ್ಕೆ ಅಂಚಿರುವುದಿಲ್ಲ, ಗೀರಿಗೆ ಇರುತ್ತದೆ. ಇವುಗಳ ಮೇಲೆ ಒಂದು ಗೀರೂ ಇರಲಿಲ್ಲ. ತಿರುಗಿಸಿದಾಗ ಬೆಳಕು ಒಳಗಿನಿಂದ ಗಾಡಿ ಗಾಲಿಯ ಕಡ್ಡಿಗಳಂತೆ ಸುತ್ತಿತು. ಇದೇ ಚರ್ಮ. ಡಬ್ಬಿಯಲ್ಲಿ ಇಂಥವು ಒಂಬತ್ತು ಇರುತ್ತವೆ, ಎತ್ತಿಕೊಂಡರಾಯಿತು ಎಂದುಕೊಂಡೆ.

"ಬಿಟ್ಟಾಕಮ್ಮಿ ಅತ್ಲಾಗೆ," ಎಂದಳು ಅಮ್ಮ. "ಒಂಬತ್ತು ರೂಪಾಯಿಗೋಸ್ಕರ ಅತ್ತೇನ ಎದುರಾಕ್ಕೊಂತಾರಾ? ಈ ವಯಸ್ನಾಗೆ?"

"ಯಾವ ವಯಸ್ನಾಗೆ ಎದುರಾಕ್ಕೊಬೇಕಿತ್ತು ಹೇಳು."

ಅಮ್ಮ ಗಂಟು ಕಟ್ಟಿದಳು. ಗಂಟು ಕಟ್ಟುವಾಗ ಒಂದರ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ತೆಗೆಯಲಿಲ್ಲ, ಅದನ್ನು ನಾನು ನೋಡಿದೆ.

ಇಷ್ಟು ಧೈರ್ಯ ಕಟ್ಟಿಕೊಂಡು ಆ ಗುರುವಾರ ಹಿತ್ತಲಿನಲ್ಲಿ ಕೂತಿದ್ದೆ.

ಅಕ್ಕಸಾಲಿಗರು ಹೇಳಿದ ಹೊತ್ತಿಗೇ ಬಂದರು. ಕಲ್ಲಿನ ಮೇಲೆ ಮೂಸೆ ಇಟ್ಟು, ಸಣ್ಣ ಗ್ಯಾಸ್ ಸಿಲಿಂಡರಿಗೆ ಕೊಳವೆ ಸಿಕ್ಕಿಸಿದರು. ಬಿಳಿಗಾರದ ಪುಡಿಯ ಪೊಟ್ಟಣ ಬಿಡಿಸಿಟ್ಟರು. ಅತ್ತೆ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡು ದಾರ ಬಿಚ್ಚಿ, ಬಿಳಿ ಪಂಚೆಯ ಮೇಲೆ ಸುರಿದರು. ಇಪ್ಪತ್ತೈದು. ಕುಂಕುಮದ ಚೂರು ಅಂಟಿಕೊಂಡು ಎಲ್ಲವೂ ಒಂದೇ ತೆರನಾಗಿ ಹೊಳೆಯುತ್ತಿದ್ದವು.

ನಾನು ಗಾಜು ಬಿಡಿಸಿದೆ. ಮೊದಲನೆಯದು. ಗೀರು. ಎರಡನೆಯದು. ಗೀರು. ಮೂರು, ನಾಲ್ಕು, ಐದು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಹುಣಸೆಹಣ್ಣು ಹಿಡಿದ ಹೆಬ್ಬೆರಳು ವರ್ಷವರ್ಷ ಓಡಾಡಿದ ದಾರಿ. ರಾಜನ ಕೆನ್ನೆ ಹೊಲ ಹರಗಿದಂತಿತ್ತು. ಇಪ್ಪತ್ತೈದೂ ನೋಡಿದೆ. ಅಮ್ಮನ ಗಂಟಿನಲ್ಲಿದ್ದ ಚರ್ಮ ಒಂದರಲ್ಲೂ ಇರಲಿಲ್ಲ.

ನಾನು ಎಂಥ ಪೆದ್ದಿ! ಇಷ್ಟು ವರ್ಷ ಪ್ರತಿ ಪೂಜೆಯಲ್ಲೂ ನನ್ನವೂ ಹುಣಸೆಹಣ್ಣಿನಲ್ಲಿ ಮಿಂದಿವೆ ಎನ್ನುವುದನ್ನೇ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಜ್ಜಿ ಕಟ್ಟಿಟ್ಟ ಹಾಗೆಯೇ ಅವು ಡಬ್ಬಿಯಲ್ಲಿ ಮಲಗಿವೆ ಎಂದು ನನ್ನ ಮನಸ್ಸು ನಂಬಿಕೊಂಡಿತ್ತು.

"ಸಿಕ್ತೇನವಾ?" ಎಂದರು ಅತ್ತೆ.

"ಇನ್ನೊಂದು ಸಲ ನೋಡ್ತೀನಿ."

"ನೋಡು. ಆಚಾರ್ರು ಸಂಜೀತನಕ ಕುಂದರ್ತಾರ, ಅವರಿಗೇನು ಕೆಲಸ?"

ಅಕ್ಕಸಾಲಿಗರು, "ನೋಡ್ಲಿ ಬಿಡ್ರಿ ಅವ್ವಾ, ಒಮ್ಮೆ ಕರಗಿದ್ರ ಮತ್ತ ನೋಡಾಕ ಬರಂಗಿಲ್ಲ," ಎಂದರು.

ಎರಡನೆಯ ಸಲ ನಾನು ರಾಜನ ಮುಖ ಬಿಟ್ಟು ಅಂಚಿಗೆ ಹೋದೆ. ಹೆಬ್ಬೆರಳು ನಾಣ್ಯದ ನಡುವೆ ಓಡುತ್ತದೆ, ಅಂಚಿನ ಅಕ್ಷರಗಳ ಸಂದಿಗೆ ಹೋಗುವುದು ಕಡಿಮೆ. ಆರನೆಯ ನಾಣ್ಯದಲ್ಲಿ, ಅಕ್ಷರಗಳ ನಡುವೆ, ಅಡ್ಡ ಗೀರುಗಳ ಕೆಳಗೆ ಬೇರೆ ಗೀರುಗಳು ಕಂಡವು. ತೀರಾ ಸಣ್ಣವು. ಅಡ್ಡಕ್ಕಲ್ಲ. ದುಂಡಗೆ. ಒಂದು ಅಕ್ಷರದ ಬುಡದಿಂದ ಹೊರಟ ಕಮಾನು ಮುಂದಿನ ಅಕ್ಷರದ ಬುಡದಲ್ಲಿ ಮುಂದುವರಿದು, ಅಂಚಿನ ಜೊತೆಗೇ ಸುತ್ತಿಕೊಂಡು ಹೋಗಿತ್ತು. ಮೂವತ್ತು ಪಟ್ಟಿನ ಆ ಗಾಜಿನಲ್ಲಾಗಿದ್ದರೆ ಅರ್ಧ ಅಕ್ಷರದ ಜಾಗದಲ್ಲಿ ಅದೂ ನೆಟ್ಟಗಿನ ಗೀರಿನಂತೆಯೇ ಕಾಣುತ್ತಿತ್ತು. ಹತ್ತು ಪಟ್ಟಿನಲ್ಲಿ ನಾಣ್ಯದ ಕಾಲುಭಾಗ ಒಟ್ಟಿಗೆ ಕಂಡಿದ್ದಕ್ಕೇ ಅದು ಸುತ್ತು ಎಂದು ತಿಳಿದದ್ದು.

ಈ ಮನೆಯಲ್ಲಿ ದುಂಡಗೆ ತಿಕ್ಕುವವರು ಯಾರು?

ಉತ್ತರ ಹೊಳೆದಾಗ ಗಾಜು ಕೆಳಗಿಳಿಸಿದೆ.

ಕಾನ್ವೆಂಟಿನ ಹಾಸ್ಟೆಲಿನಲ್ಲಿ ಶನಿವಾರ ಚಾಪೆಲಿನ ಮೇಣದಬತ್ತಿ ಕಂಬಗಳನ್ನು ಬೆಳಗುವ ಕೆಲಸ ನಮ್ಮದಾಗಿತ್ತು. ಸೀಮೆಸುಣ್ಣದ ಪುಡಿ, ಒಂದು ಹನಿ ನೀರು, ಹಳೆಯ ಉಣ್ಣೆ ಬಟ್ಟೆ. ಸಿಸ್ಟರ್ ನನ್ನ ಮುಂಗೈ ಹಿಡಿದು ಕಲಿಸಿದ್ದರು. ಹಿಂದೆ ಮುಂದೆ ಎಳೆಯಬಾರದು, ಸುತ್ತಬೇಕು, ವಸ್ತುವಿನ ಅಂಚು ಹೋದ ಹಾಗೆ. ಇವತ್ತಿಗೂ ನಾನು ಒಲೆ ಕಟ್ಟೆಯಿಂದ ಹಿಡಿದು ಕನ್ನಡಿಯವರೆಗೆ ಹಾಗೇ ಒರೆಸುವುದು. ಮದುವೆಯಾದ ಮೊದಲ ವರ್ಷ ಪೂಜೆಗೆ ಮುಂಚೆ ಅತ್ತೆ ನನ್ನ ಒಂಬತ್ತನ್ನು ನೋಡಿ, ತವರಿನ ಲಕ್ಷ್ಮಿ ಯಾಕೆ ಇಷ್ಟು ಕಪ್ಪಗಿದ್ದಾಳೆ ಎಂದಿದ್ದರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿತ್ತು. ಆ ಮಧ್ಯಾಹ್ನ ಯಾರೂ ಇಲ್ಲದಾಗ ಸೀಮೆಸುಣ್ಣ ಅರೆದು ಒಂಬತ್ತನ್ನೂ ಕನ್ನಡಿಯಂತೆ ಬೆಳಗಿ ತಂದು ಮುಂದಿಟ್ಟಿದ್ದೆ. ಅಜ್ಜಿ ಇಡೀ ಆಯುಷ್ಯ ಕಾದಿಟ್ಟ ಚರ್ಮವನ್ನು ಒಂದು ಮಧ್ಯಾಹ್ನದಲ್ಲಿ ಸುಲಿದವಳು ನಾನು. ಹೊಗಳಿಸಿಕೊಂಡು ಸಂತೋಷಪಟ್ಟೂ ಇದ್ದೆ.

ಒಂದೊಂದಾಗಿ ಎತ್ತಿ ಬಲಗಡೆ ಇಟ್ಟೆ. ಎಂಟಾದವು. ಎಂಟೇ. ಒಂಬತ್ತನೆಯದಕ್ಕಾಗಿ ಉಳಿದ ಹದಿನೇಳನ್ನೂ ಮತ್ತೆ ಮತ್ತೆ ತಿರುಗಿಸಿದೆ. ಎರಡು ನಾಣ್ಯಗಳ ಅಂಚು ಪೂರ್ತಿ ಸವೆದಿತ್ತು. ಅಲ್ಲಿ ದುಂಡಗಿನದೂ ಇಲ್ಲ, ಅಡ್ಡದ್ದೂ ಇಲ್ಲ, ಏನೂ ಇಲ್ಲ. ಆ ಎರಡರಲ್ಲಿ ಒಂದಿರಬಹುದು.

"ಇವು ನನ್ನವು," ಎಂದೆ. "ಎಂಟು."

"ಹೆಂಗ ಹೇಳ್ತಿ?"

"ಇವನ್ನ ಕೆಡಿಸಿದೋಳು ನಾನೇ. ಸೀಮೆಸುಣ್ಣ ಹಾಕಿ ದುಂಡಗೆ ತಿಕ್ಕಿದೀನಿ, ಮದುವೆಯಾದ ವರ್ಷ. ನನ್ನ ಕೈ ಗುರುತು ಇದೆ ಇದರ ಮೇಲೆ."

ಯಜಮಾನರು, "ಹಂಗಾರ ನಾ ಹೊಲಿದ ಪ್ಯಾಂಟೆಲ್ಲಾ ನನ್ನವ ಅನ್ಲೇನು?" ಎಂದು ನಕ್ಕರು. ನಾನು ನಗಲಿಲ್ಲ. ಅವರ ನಗು ಅರ್ಧಕ್ಕೆ ನಿಂತಿತು.

ಅಕ್ಕಸಾಲಿಗರು ಕೈ ಚಾಚಿದರು. ನನ್ನ ಗಾಜು ತೆಗೆದುಕೊಂಡು ಎಂಟರಲ್ಲಿ ಒಂದನ್ನು, ಹದಿನೇಳರಲ್ಲಿ ಒಂದನ್ನು ನೋಡಿದರು. ತುಂಬ ಹೊತ್ತು ನೋಡಿದರು.

"ಖರೇ ಐತ್ರಿ ಅವ್ವಾ. ಇದು ಬ್ಯಾರೆ ಕೈ, ಅದು ಬ್ಯಾರೆ ಕೈ."

"ಹಂಗಲ್ಲ," ಎಂದರು ಅತ್ತೆ. "ಕಲಸ್ರಿ ಎಲ್ಲಾ. ಮತ್ತ ತೆಗೀಲಿ."

ಅಕ್ಕಸಾಲಿಗರು ಎಂಟನ್ನು ಸಾಲಾಗಿಟ್ಟು ಫೋನಿನಲ್ಲಿ ಎರಡೂ ಕಡೆ ಫೋಟೋ ತೆಗೆದುಕೊಂಡು, ಇಪ್ಪತ್ತೈದನ್ನೂ ಪಂಚೆಯಲ್ಲಿ ಕುಲುಕಿ ಸುರಿದರು. ನಾನು ಮತ್ತೆ ಕೂತೆ. ಮೊಣಕೈ ಮೊಣಕಾಲಿಗೆ ಊರಿ, ಗಾಜು ಹಿಡಿದ ಬೆರಳನ್ನು ಕೆನ್ನೆಗೆ ಒತ್ತಿ, ಎರಡೂ ಕಣ್ಣು ತೆರೆದು. ಒಂದು ಕಣ್ಣು ಮುಚ್ಚಿದರೆ ಬೇಗ ದಣಿವಾಗುತ್ತದೆ, ಅದೂ ಈ ತಿಂಗಳಲ್ಲೇ ಕಲಿತದ್ದು. ಈ ಸಲ ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಂಟನ್ನು ಎತ್ತಿಟ್ಟೆ. ಅಕ್ಕಸಾಲಿಗರು ಫೋಟೋ ಹಿಡಿದು ಒಂದೊಂದನ್ನೇ ಹೋಲಿಸಿ, ಕೊನೆಗೆ ಫೋನನ್ನು ಅತ್ತೆಯ ಕಡೆ ತಿರುಗಿಸಿದರು.

"ಅವ ಎಂಟು, ಅವ್ವಾ."

ಅತ್ತೆ ಫೋನು ನೋಡಲಿಲ್ಲ. "ಎಂಟು. ನೀ ಅಂದದ್ದು ಒಂಬತ್ತು. ಒಂಬತ್ತು ತೆಗದ್ರ ನಿನ್ನವು ಅಂತ ಮಾತಾಗಿತ್ತು. ಒಂಬತ್ತಾಗಿಲ್ಲ."

ಆ ಎರಡು ಸವೆದ ನಾಣ್ಯಗಳು ನನ್ನ ಬೆರಳಿನ ತುದಿಯಲ್ಲೇ ಇದ್ದವು. ಒಂದನ್ನು ಬಲಕ್ಕೆ ಸರಿಸಿದ್ದರೆ ಆಗುತ್ತಿತ್ತು. ನಾನು ಸರಿಸಲಿಲ್ಲ. ಅದರ ಬದಲು ಎಂಟರ ಮೇಲೆ ಅಂಗೈ ಊರಿದೆ.

"ಒಂಬತ್ತನೇದು ನನಗೆ ಗುರುತು ಸಿಗಲಿಲ್ಲ. ಅದು ಹೋಗಲಿ. ಇವು ಹೋಗಲ್ಲ."

"ಕೈ ತೆಗಿ."

"ಇಲ್ಲ ಅತ್ತೆ."

"ಮಾತಿಗೆ ಬೆಲಿ ಇಲ್ಲೇನು ನಿನಗ?"

"ಆ ಮಾತು ನೀವಾಡಿದ್ದು. ನಾನು ಒಪ್ಕೊಂಡಿರಲಿಲ್ಲ. ನನ್ನದನ್ನ ನನ್ನದು ಅಂತ ತೋರಿಸೋಕೆ ಪರೀಕ್ಷೆ ಯಾಕೆ ಕೊಡಬೇಕಿತ್ತು? ಆದ್ರೂ ಕೊಟ್ಟೆ. ಎರಡು ಸಲ ಕೊಟ್ಟೆ."

ಕೂಗಲಿಲ್ಲ. ಲೋಟ ಇಡುವಷ್ಟೇ ಮೆಲ್ಲಗೆ ಹೇಳಿದೆ. ಆದರೆ ಕೈ ತೆಗೆಯಲಿಲ್ಲ. ಬೆಳ್ಳಿ ಅಂಗೈಯ ಬಿಸಿಗೆ ಬೆಚ್ಚಗಾಗುತ್ತಿತ್ತು. ಗೋಡೆಯಾಚೆ ಯಾರದೋ ಮಿಷನ್ ಓಡಿ ನಿಂತಿತು. ಯಜಮಾನರು ನನ್ನನ್ನು ನೋಡಿದರು, ಅವರ ತಾಯಿಯನ್ನು ನೋಡಿದರು, ಆಮೇಲೆ ಚಪ್ಪಲಿ ನೋಡಿಕೊಂಡರು.

ಮಾತಾಡಿದ್ದು ಅಕ್ಕಸಾಲಿಗರು. "ಹದಿನೇಳರಾಗೂ ಮುಖ ಆಗ್ತದ್ರಿ. ತೆಳ್ಳಗ ಬಡೀತೀನಿ. ಕಿವಿ ಮಾತ್ರ ಸ್ವಲ್ಪ ಸಣ್ಣ ಆಗ್ತಾವ."

"ನಮ್ಮನಿ ಲಕ್ಷ್ಮೀ ಕಿವಿ ಇಕಿ ಸಲುವಾಗಿ ಸಣ್ಣ ಆಗಬೇಕೇನ್ರಿ?"

"ಮೂಗಿನ ನತ್ತು ದೊಡ್ಡದು ಮಾಡ್ತೀನಿ ಬಿಡ್ರಿ, ಕಿವಿ ಯಾರು ನೋಡ್ತಾರ."

ಅತ್ತೆ ಎದ್ದರು. ಮೊಣಕಾಲು ಹಿಡಿದುಕೊಂಡು, ಗೋಡೆಯ ಆಸರೆಯಲ್ಲಿ. ಒಳಗೆ ಹೋಗುವವರು ಬಾಗಿಲಲ್ಲಿ ನಿಂತು, "ಹಚ್ರಿ ಬೆಂಕಿ," ಎಂದರು. ಎಷ್ಟಕ್ಕೆ ಎಂದು ಹೇಳಲಿಲ್ಲ. ಅಕ್ಕಸಾಲಿಗರು ಹದಿನೇಳನ್ನು ಮೂಸೆಗೆ ಹಾಕಿ ಬಿಳಿಗಾರ ಉದುರಿಸಿ ಉರಿ ತಿರುಗಿಸಿದರು.

ನಾನು ನೋಡುತ್ತಲೇ ಇದ್ದೆ. ಸವೆದ ಎರಡೂ ಮೇಲೆಯೇ ಇದ್ದವು. ಮೊದಲು ಕೆಂಪಗಾದವು, ಆಮೇಲೆ ಅಂಚು ಕುಸಿಯಿತು, ರಾಜನ ಕುತ್ತಿಗೆ ಮೆತ್ತಗಾಗಿ ಮುಖ ಒಳಕ್ಕೆ ಮುಳುಗಿತು. ಅದರಲ್ಲಿ ಒಂದನ್ನು ತರಲು ಅಜ್ಜಿ ಎಷ್ಟು ದಿನ ಸೊಪ್ಪು ಕೊಯ್ದಿದ್ದಳೋ ನನಗೆ ಗೊತ್ತಿಲ್ಲ. ಯಾವುದೆಂದೂ ಗೊತ್ತಿಲ್ಲ. ಕಣ್ಣು ತಿರುಗಿಸಲಿಲ್ಲ.

ನಾಣ್ಯಗಳಿಗೆ ದರ್ಜೆ ಕಟ್ಟುವವರು ನನ್ನ ಎಂಟನ್ನು ನೋಡಿದರೆ ಏನು ಹೇಳುತ್ತಾರೆಂದು ನನಗೆ ಗೊತ್ತು. ಈ ತಿಂಗಳಲ್ಲಿ ಅದನ್ನೂ ಓದಿದ್ದೇನೆ. ತಿಕ್ಕಿದ ನಾಣ್ಯ, ಕೆಟ್ಟ ನಾಣ್ಯ, ಪಕ್ಕಕ್ಕಿಡಿ ಎನ್ನುತ್ತಾರೆ. ಎನ್ನಲಿ. ಅವರ ಗಾಜಿಗೆ ಅದು ಹಾಳಾದ ಬೆಳ್ಳಿ. ನನ್ನ ಗಾಜಿಗೆ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ನಾಚಿಕೆಯಿಂದ ಮಾಡಿದ ತಪ್ಪು. ಆ ತಪ್ಪು ನನ್ನದು, ಆದ್ದರಿಂದ ನಾಣ್ಯವೂ ನನ್ನದು. ಅವನ್ನು ಇನ್ನು ಯಾರೂ ತಿಕ್ಕುವುದಿಲ್ಲ. ನಾನೂ ತಿಕ್ಕುವುದಿಲ್ಲ. ಹಳೆಯ ಹತ್ತಿ ಸೀರೆಯ ಸೆರಗು ಹರಿದು ಒಂದೊಂದನ್ನೂ ಬೇರೆಬೇರೆ ಸುತ್ತಿ ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಮಧ್ಯಾಹ್ನ ಅತ್ತೆಗೆ ಅನ್ನ ಬಡಿಸಿದೆ. ಉಂಡರು. ಉಪ್ಪಿನಕಾಯಿ ಕೇಳಿದರು, ಹಾಕಿದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯವರು ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಟ್ಟಲು ಹಿಡಿದು ಬಂದರು. ಅವರ ಹಿತ್ತಲಿಗೂ ನಮ್ಮ ಹಿತ್ತಲಿಗೂ ಒಂದೇ ಗೋಡೆ. ಎಲ್ಲ ಕೇಳಿಸಿತ್ತು. ನಾನು ಮಜ್ಜಿಗೆ ಹಾಕಿದ ಮೇಲೆ ಬಟ್ಟಲಿಗೆ ಸೆರಗು ಮುಚ್ಚಿಕೊಂಡು ಮೆಟ್ಟಿಲಿಳಿಯುತ್ತ ಹೇಳಿದರು:

"ಎಂಟ ಅಂದ್ರಂತಲ್ರಿ? ನಾ ಆಗಿದ್ರ ಒಂಬತ್ತು ಅಂತಿದ್ದೆ. ಯಾರಿಗೆ ಗೊತ್ತಾಗ್ತಿತ್ರಿ?"